ಮಾರ್ಜಿನ್ ಬಿಟ್ಟು ಕತ್ತರಿಸಿದ ಮೂಳೆ

2021ರ ಧನುರ್ಮಾಸ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಡೋಕೆ ಕುಕ್ಕರಗಾಲಲ್ಲಿ ಕೂತೆ. ಎಡಗಾಲು ಪೂರ್ತಿ ಮಡಿಚಿತು. ಬಲಗಾಲು ಮುಕ್ಕಾಲು ಭಾಗ ಮಡಿಚಿ ಅಲ್ಲೇ ನಿಂತುಬಿಟ್ಟಿತು. ನೋವು ಅಂತ ಏನೂ ಇರಲಿಲ್ಲ. ತೊಡೆಗೂ ಮೀನಖಂಡಕ್ಕೂ ನಡುವೆ ಏನೋ ಸಿಕ್ಕಿಕೊಂಡ ಹಾಗಿತ್ತು, ಅಷ್ಟೇ. ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ಮಂಡಿಯ ಹಿಂದಿನ ಗುಳಿಗಿಂತ ಸ್ವಲ್ಪ ಮೇಲೆ, ನಿಂಬೆಹಣ್ಣಿನ ಗಾತ್ರದ ಗಂಟು. ಒತ್ತಿದರೆ ಅಲ್ಲಾಡಲಿಲ್ಲ. ಕಲ್ಲಿನ ಹಾಗೆ ಗಟ್ಟಿ.

ನಾನು ಅರಸೀಕೆರೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಆಗ ನನಗೆ 33 ವರ್ಷ. ಮೆಷಿನ್ ತುಳಿದು ತುಳಿದು ಮಂಡಿಗೆ ಏನೋ ಆಗಿದೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡರು. ಅತ್ತೆ ದಿನಾ ರಾತ್ರಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರು. ಪಾಪ, ಅವರಿಗೂ ಗೊತ್ತಿರಲಿಲ್ಲ. ಈಗ ಹೇಳುತ್ತೇನೆ, ಏನು ಅಂತ ಗೊತ್ತಾಗುವ ತನಕ ಅಂಥ ಗಂಟನ್ನು ತಿಕ್ಕಬಾರದು, ನೀವಬಾರದು, ಕಟ್ಟು ಹಾಕಿಸಬಾರದು.

ಟೇಪು ಯಾವಾಗಲೂ ಕೊರಳಲ್ಲೇ ಇರುತ್ತಲ್ಲ, ಒಂದು ಸೋಮವಾರ ಸುಮ್ನೆ ಎರಡೂ ಕಾಲು ಅಳೆದೆ. ಮಂಡಿಯಿಂದ ನಾಲ್ಕು ಬೆರಳು ಮೇಲೆ, ಎಡಗಾಲು 15 ಇಂಚು. ಬಲಗಾಲು ಹದಿನೈದೂ ಮುಕ್ಕಾಲು. ಗಿರಾಕಿಗಳ ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟೆ. ಆಮೇಲೆ ಪ್ರತಿ ಸೋಮವಾರ ಅದೇ ರೂಢಿಯಾಯಿತು. ಯುಗಾದಿ ಹೊತ್ತಿಗೆ 16. ಮೇ ತಿಂಗಳಲ್ಲಿ ಹದಿನಾರೂ ಕಾಲು. ಎಡಗಾಲು ಅದೇ 15.

ಮೊದಲು ತೋರಿಸಿದ ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಒಂದು ಎಕ್ಸ್‌ರೇ ತೆಗೆದರು. ನೋಡಿದ ಡಾಕ್ಟರು ಎರಡೇ ನಿಮಿಷದಲ್ಲಿ ಹೇಳಿದರು: "ಆಸ್ಟಿಯೋಕಾಂಡ್ರೋಮಾ ಅಂತಾರಮ್ಮ. ಮೂಳೆ ಮೇಲೆ ಮೊಗ್ಗು ಬಂದ ಹಾಗೆ. ಗಾಬರಿ ಏನಿಲ್ಲ, ಬುಡಕ್ಕೆ ಉಳಿ ಹಾಕಿ ತೆಗೆದುಬಿಡೋಣ. ಮೂರನೇ ದಿನ ಮನೆಗೆ ಹೋಗ್ತೀರಿ." ಸ್ಕ್ಯಾನ್ ಬರೆಯಲಿಲ್ಲ. ಮುಂದಿನ ಗುರುವಾರಕ್ಕೆ ಆಪರೇಷನ್ ಅಂತ ದಿನವೂ ಗೊತ್ತಾಯಿತು. ನಮಗೆ ನಿರಾಳವಾಯಿತು. ಇವರು ಬರುವಾಗ ಮಗಳಿಗೆ ಜಿಲೇಬಿ ತಂದರು.

ಆಪರೇಷನ್‌ಗೆ ಮೊದಲು ಅರಿವಳಿಕೆ ಡಾಕ್ಟರ್ ನೋಡಬೇಕಲ್ಲ, ಅವರು ಒಬ್ಬರು ಮೇಡಂ. ಬಿಪಿ, ಶುಗರ್ ಎಲ್ಲ ಕೇಳಿದ ಮೇಲೆ "ಇದು ಎಷ್ಟು ದಿನದಿಂದ ಇದೆ?" ಅಂದರು. ನಾನು ಚೀಲದಿಂದ ಅಳತೆ ಪುಸ್ತಕ ತೆಗೆದು ತೋರಿಸಿದೆ. ಅವರು ಆ ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. ಮತ್ತೆ ಮೇಲಿಂದ ಓದಿದರು. "ಬೆಳೀತಾ ಇದೆ ಅಲ್ವಾ ಇದು?" ಅಂದರು. ಆಮೇಲೆ ಮೆತ್ತಗೆ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಆ ಥರದ ಮೊಗ್ಗು ನಾವು ಎತ್ತರ ಬೆಳೆಯೋದು ನಿಂತಾಗ ತಾನೂ ನಿಲ್ಲಬೇಕಮ್ಮ. 33 ವರ್ಷಕ್ಕೆ ಬೆಳೀತಾ ಇದ್ರೆ ಒಂದು ಸಲ ಮೂಳೆ ಗಡ್ಡೆ ನೋಡುವವರಿಗೇ ತೋರಿಸಿ. ಅಲ್ಲಿವರೆಗೂ ಕತ್ತಿ ಹಾಕಿಸ್ಕೋಬೇಡಿ."

ಗುರುವಾರ ನಾವು ಹೋಗಲಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ಒಂದು ಶಿಫಾರಸು ಚೀಟಿ ಬರೆಸಿಕೊಂಡು, ರೈಲು ಹತ್ತಿ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಆ ಚೀಟಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ನಮ್ಮದು ಬಿಪಿಎಲ್ ಕಾರ್ಡು. ಆ ಚೀಟಿ ಇಲ್ಲದೆ ಹೋಗಿದ್ದರೆ ಮತ್ತೆ ವಾಪಸ್ ಬರಬೇಕಾಗುತ್ತಿತ್ತು.

ಬೆಂಗಳೂರಿನ ಡಾಕ್ಟರು ಎಕ್ಸ್‌ರೇ ಹಿಡಿದು ನೋಡುತ್ತಾ ಕೂತಿದ್ದು ಎಷ್ಟೋ ಹೊತ್ತು. ಆಮೇಲೆ ನಮ್ಮಿಬ್ಬರನ್ನೂ ಹತ್ತಿರ ಕರೆದರು. "ಇಲ್ಲಿ ನೋಡಮ್ಮ. ಇದು ತೊಡೆ ಮೂಳೆ. ಇದು ಗಂಟು. ಎರಡರ ನಡುವೆ ಒಂದು ಸಣ್ಣ ಕಪ್ಪು ಗೆರೆ ಕಾಣ್ತಿದೆಯಾ?" ಕಾಣುತ್ತಿತ್ತು. ಬಿಳೀ ಗಂಟಿಗೂ ಬಿಳೀ ಮೂಳೆಗೂ ಮಧ್ಯೆ ಕೂದಲೆಳೆಯಷ್ಟು ಕಪ್ಪು. ಒಂದು ಕಡೆ ಮಾತ್ರ ಗೆರೆ ಇರಲಿಲ್ಲ, ಅಲ್ಲಿ ಗಂಟು ಮೂಳೆಗೆ ಅಂಟಿತ್ತು.

"ನಿಮ್ಮೂರ ಕಡೆ ತೆಂಗಿನ ತೋಟ ಜಾಸ್ತಿ ಅಲ್ವಾ" ಅಂದರು. "ಮಾವಿನ ಮರಕ್ಕೆ ಕೊಂಬೆ ಒಡೆದ್ರೆ ಮರದ ತಿರುಳು ಕೊಂಬೆ ಒಳಗೂ ಹೋಗಿರುತ್ತೆ. ಆಸ್ಟಿಯೋಕಾಂಡ್ರೋಮಾ ಅಂದ್ರೆ ಆ ಥರ. ಮೂಳೆಯ ಮಜ್ಜೆ ಗಂಟಿನ ಒಳಗೂ ಹರಿದಿರುತ್ತೆ. ಆದ್ರೆ ತೆಂಗಿನ ಮರಕ್ಕೆ ಗೆದ್ದಲು ಹುತ್ತ ಕಟ್ಟುತ್ತಲ್ಲ, ಅದು ಮರದಿಂದ ಹುಟ್ಟಿದ್ದಲ್ಲ, ಹೊರಗಡೆ ಮೆತ್ತಿಕೊಂಡಿದ್ದು. ನಿಮ್ಮದು ಕೊಂಬೆ ಥರ ಕಾಣ್ತಿಲ್ಲ. ಹುತ್ತದ ಥರ ಕಾಣ್ತಿದೆ."

ಏಟು ಏನಾದರೂ ಬಿದ್ದಿತ್ತಾ, ಜಾರಿ ಬಿದ್ದಿದ್ರಾ ಅಂತ ಮೂರು ಸಲ ಕೇಳಿದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಜೋರಾಗಿ ಏಟು ಬಿದ್ದ ಸ್ನಾಯುವಿನಲ್ಲೂ ಕೆಲವರಿಗೆ ಮೂಳೆ ಕಟ್ಟುತ್ತದಂತೆ. ಅದರಿಂದ ಅಪಾಯವಿಲ್ಲ. ಆದರೆ ಅದು ಅಂಚಿನಲ್ಲಿ ಮೊದಲು ಗಟ್ಟಿಯಾಗುತ್ತದೆ, ನಡುವೆ ಆಮೇಲೆ. ನನ್ನದು ತಿರುವುಮುರುವು. ಮೂಳೆಗೆ ಅಂಟಿದ ನಡುಭಾಗವೇ ಹೆಚ್ಚು ಗಟ್ಟಿ, ಅಂಚು ಮೆತ್ತಗೆ. ಇಷ್ಟನ್ನು ಒಂದು ಸಿಟಿ ಸ್ಕ್ಯಾನ್ ಹೇಳುತ್ತದೆ.

ಗಂಟಿನ ಚೂರು ತೆಗೆದು ಪರೀಕ್ಷೆ ಮಾಡೋಕೆ, ಅಂದರೆ ಬಯಾಪ್ಸಿಗೆ, ಸೂಜಿ ಹಾಕುವುದಕ್ಕೆ ಮೊದಲು ಎಲ್ಲ ಚಿತ್ರ ತೆಗೆಸಬೇಕು ಅನ್ನುವುದು ಅವರ ಪಟ್ಟು. ಗಂಟನ್ನು ಒಂದು ಸಲ ಚುಚ್ಚಿದರೆ ಒಳಗೆ ರಕ್ತ ಕಟ್ಟಿ, ಬಾವು ಬಂದು, ಚಿತ್ರ ಕಲಸಿಹೋಗುತ್ತದೆ. ಆದ್ದರಿಂದ ಮೊದಲು ಕಾಲಿನ ಸಿಟಿ, ಆಮೇಲೆ ಎಂಆರ್‌ಐ, ಆಮೇಲೆ ಎದೆಯ ಸಿಟಿ. ಎದೆ ಯಾಕೆ ಅಂತ ಇವರು ಕೇಳಿದರು. ಮೂಳೆಯಿಂದ ಹೊರಟರೆ ಮೊದಲು ಹೋಗುವ ಜಾಗ ಶ್ವಾಸಕೋಶ ಅಂದರು. ಆ ರಾತ್ರಿ ಅಣ್ಣನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎದೆ ಶುಭ್ರವಾಗಿತ್ತು. ಎಂಆರ್‌ಐಯಲ್ಲಿ ಗಂಟು 7 ಸೆಂಟಿಮೀಟರ್ ಉದ್ದ, ನಾಲ್ಕೂವರೆ ಅಗಲ. ಮೂಳೆಯ ಒಳಗಿನ ಮಜ್ಜೆಗೆ ಇಳಿದಿರಲಿಲ್ಲ. ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಗಂಟಿನ ಬೆನ್ನಿಗೇ ಹೋಗುತ್ತಿತ್ತು. ನಡುವೆ ಒಂದು ತೆಳು ಕೊಬ್ಬಿನ ಪದರ ಉಳಿದಿತ್ತು. ಆ ಪದರವನ್ನು ಡಾಕ್ಟರು ಎರಡು ಮೂರು ಸಲ ತೋರಿಸಿದರು. ಅದು ಇದ್ದದ್ದೇ ದೊಡ್ಡದು ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅವತ್ತೇ ಆ ಹೆಸರು ಕೇಳಿದ್ದು. ಪ್ಯಾರೋಸ್ಟಿಯಲ್ ಆಸ್ಟಿಯೋಸಾರ್ಕೋಮಾ. ಮೂಳೆಯ ಒಳಗೆ ಹುಟ್ಟದೆ ಮೇಲ್ಮೈಯಲ್ಲಿ ಹುಟ್ಟುವ ಕ್ಯಾನ್ಸರ್. ಮೂಳೆಯ ಕ್ಯಾನ್ಸರೇ ಅಪರೂಪ, ಅದರಲ್ಲಿ ಆಸ್ಟಿಯೋಸಾರ್ಕೋಮಾ ಅನ್ನುವುದು ಒಂದು ಬಗೆ, ಆ ನೂರು ಜನರಲ್ಲಿ ನಾಲ್ಕೈದು ಮಂದಿಗೆ ಮಾತ್ರ ಈ ಥರದ್ದು. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಅದೂ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ. ಜಾಗವೂ ಹೆಚ್ಚಾಗಿ ಒಂದೇ: ತೊಡೆ ಮೂಳೆಯ ಕೆಳತುದಿ, ಮಂಡಿಯ ಹಿಂದೆ. ನನಗೆ ನನ್ನದೇ ಜಾತಕ ಓದಿದ ಹಾಗಾಯಿತು. ಗೆಶಿಕ್ಟರ್ ಮತ್ತು ಕೋಪ್‌ಲ್ಯಾಂಡ್ ಅನ್ನುವ ಇಬ್ಬರು ಡಾಕ್ಟರು 1951ರಲ್ಲಿ ಇದನ್ನು ಮೊದಲು ವಿವರಿಸಿದಾಗ ಇಟ್ಟ ಹೆಸರು ಪ್ಯಾರೋಸ್ಟಿಯಲ್ ಆಸ್ಟಿಯೋಮಾ. ಆಸ್ಟಿಯೋಮಾ ಅಂದರೆ ಸಾಧು ಗಂಟು, ಕ್ಯಾನ್ಸರ್ ಅಲ್ಲದ್ದು. ಅಷ್ಟು ಮೆಲ್ಲಗೆ ಬೆಳೆಯುತ್ತದೆ, ಅಷ್ಟು ನೋವಿಲ್ಲದೆ ಇರುತ್ತದೆ. ಹೀಗೆ ಮೋಸ ಹೋಗುವುದು ಈ ಕಾಯಿಲೆಯಲ್ಲಿ ಮೊದಲಿಂದಲೂ ಇದೆ ಅಂತ ಆಯಿತು.

ಮೂಳೆಯ ಮೇಲ್ಮೈಯಲ್ಲಿ ಹುಟ್ಟುವುದೆಲ್ಲ ಇದೇ ಅಲ್ಲ. ಪೆರಿಯಾಸ್ಟಿಯಲ್ ಅಂತ ಇನ್ನೊಂದಿದೆ, ಅದರಲ್ಲಿ ಮೃದ್ವಸ್ಥಿ ಜಾಸ್ತಿ, ಸ್ವಲ್ಪ ಜೋರು. ಮೇಲ್ಮೈಯಲ್ಲೇ ಹುಟ್ಟಿದರೂ ತುಂಬ ಉಗ್ರವಾದದ್ದು ಮೂರನೆಯದು, ಅದಕ್ಕೆ ಕೀಮೋ ಬೇಕೇ ಬೇಕು. ಕೈಕಾಲು ಬೆರಳಿನ ಮೂಳೆ ಮೇಲೆ ನೋರಾ ಗಂಟು ಅಂತ ಬರುತ್ತದೆ, ಅದು ಕ್ಯಾನ್ಸರೇ ಅಲ್ಲ, ತೆಗೆದರೂ ಮರುಕಳಿಸುವ ಚಾಳಿ ಮಾತ್ರ ಇದೆ. ಹೊರಗಿನಿಂದ ಮುಟ್ಟಿದರೆ ಎಲ್ಲವೂ ಗಟ್ಟಿ ಗಂಟೇ. ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಬಯಾಪ್ಸಿ ದಿನ ಡಾಕ್ಟರು ತಾವೇ ಬಂದು ಪೆನ್ನಿನಿಂದ ನನ್ನ ತೊಡೆಯ ಪಕ್ಕದಲ್ಲಿ ಒಂದು ಉದ್ದ ಗೆರೆ ಎಳೆದರು. ನಾನು ಬಟ್ಟೆ ಮೇಲೆ ಚಾಕ್‌ಪೀಸಿನಲ್ಲಿ ಎಳೆಯುವ ಹಾಗೇ. ಮುಂದೆ ಆಪರೇಷನ್ ಮಾಡುವಾಗ ಕೊಯ್ಯುವ ಗೆರೆ ಅದು. ಸೂಜಿ ಆ ಗೆರೆಯ ಮೇಲೇ ಇಳಿಯಬೇಕು. ಗಂಟು ಹಿಂದೆ ಇದೆ ಅಂತ ಹಿಂದಿನಿಂದಲೇ ಚುಚ್ಚಿದರೆ ರಕ್ತನಾಳದ ಪಕ್ಕ ಹಾದು ಹೋಗುತ್ತದೆ, ಸೂಜಿ ಹೋದ ದಾರಿಯಲ್ಲೆಲ್ಲ ಕಣಗಳು ಉದುರಬಹುದು. ಆ ದಾರಿಯನ್ನೂ ಕೊನೆಗೆ ಗಂಟಿನ ಜೊತೆಗೇ ಕತ್ತರಿಸಿ ತೆಗೆಯಬೇಕು. "ಅದಕ್ಕೇ ಕೊನೇ ಆಪರೇಷನ್ ಮಾಡುವವರೇ ಬಯಾಪ್ಸಿಯ ಜಾಗ ಗೊತ್ತು ಮಾಡಬೇಕು" ಅಂದರು. ನನ್ನ ಹಾಗೆ ಗಂಟು ಇಟ್ಟುಕೊಂಡು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ದಯವಿಟ್ಟು ಈ ಒಂದು ಮಾತು ಕೇಳಿ ತಿಳಿದುಕೊಳ್ಳಿ. ಊರಲ್ಲಿ ಯಾರೋ ಒಬ್ಬರ ಹತ್ತಿರ ಬಯಾಪ್ಸಿ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗೋಣ ಅನ್ನಬೇಡಿ.

ರಿಪೋರ್ಟ್ ಹತ್ತು ದಿನಕ್ಕೆ ಬಂತು. ಅರ್ಧ ಉತ್ತರ ಮಾತ್ರ. ಸೂಕ್ಷ್ಮದರ್ಶಕದಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಮೂಳೆಯ ಎಳೆಗಳು, ನಡುವೆ ನಾರಿನಂಥ ಕಣಗಳು. ಕಣಗಳು ಎಷ್ಟು ಸಾಧುವಾಗಿ ಕಾಣುತ್ತವೆ ಅಂದರೆ ಕ್ಯಾನ್ಸರ್ ಅಂತ ಖಚಿತವಾಗಿ ಬರೆಯೋಕೆ ಆಗುವುದಿಲ್ಲವಂತೆ. ಸ್ಲೈಡುಗಳನ್ನು, ಮೇಣದ ಬ್ಲಾಕನ್ನು ಎರಡನೇ ಅಭಿಪ್ರಾಯಕ್ಕೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಕಳಿಸಿದೆವು. ಎಂಡಿಎಂ2 ಅನ್ನುವ ಜೀನ್ ಪರೀಕ್ಷೆಯೂ ಆಗಬೇಕಿತ್ತು. ಹನ್ನೆರಡನೇ ಕ್ರೋಮೋಸೋಮಿನಲ್ಲಿರುವ ಆ ಜೀನ್ ಈ ಗಡ್ಡೆಯಲ್ಲಿ ಹೆಚ್ಚಾಗಿ ದುಪ್ಪಟ್ಟು ಮುಪ್ಪಟ್ಟು ಆಗಿರುತ್ತದೆ. ಸಾಧು ಗಂಟುಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ.

ಬಯಾಪ್ಸಿಯಿಂದ ಕೊನೇ ಉತ್ತರಕ್ಕೆ ಒಟ್ಟು 26 ದಿನ. ನನ್ನ ಇಡೀ ಕಥೆಯಲ್ಲಿ ಕಷ್ಟದ ದಿನಗಳು ಇವೇ, ಆಪರೇಷನ್ ಅಲ್ಲ. ಅರಸೀಕೆರೆಗೆ ವಾಪಸ್ ಬಂದು ಒಂದು ಮದುವೆ ಮನೆಯ 11 ರವಿಕೆ ಹೊಲಿದೆ. ಎಡಗಾಲಲ್ಲೇ ತುಳಿಯುತ್ತಿದ್ದೆ. ಎಂಟನೇ ರವಿಕೆಗೆ ತೋಳು ಅದಲುಬದಲು ಮಾಡಿ ಹೊಲಿದು, ಮತ್ತೆ ಬಿಚ್ಚಿ ಹೊಲಿದೆ. ರಾತ್ರಿ ಮಗಳು ಮಲಗಿದ ಮೇಲೆ ನಾನೂ ಇವರೂ ಅಡುಗೆಮನೆಯಲ್ಲಿ ದೀಪ ಆರಿಸಿ ಕೂತಿರುತ್ತಿದ್ದೆವು. ಮಾತಾಡುತ್ತಿರಲಿಲ್ಲ.

ಎಂಡಿಎಂ2 ಪಾಸಿಟಿವ್ ಬಂತು. ಅಂದರೆ ಅದೇ. ಆದರೆ ಕೆಳ ದರ್ಜೆಯದು, ಅಂದರೆ ಮೆಲ್ಲಗೆ ಬೆಳೆಯುವಂಥದ್ದು.

ಆ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಶಸ್ತ್ರಚಿಕಿತ್ಸೆಯವರು, ಸ್ಕ್ಯಾನ್ ಓದುವವರು, ಸ್ಲೈಡ್ ಓದುವವರು ಒಟ್ಟಿಗೆ ಕೂತು ಒಬ್ಬೊಬ್ಬರ ವಿಷಯ ಮಾತಾಡುತ್ತಾರೆ. ನನ್ನದೂ ಆಯಿತು. ಕೀಮೋ ಬೇಡ ಅಂದರು. ಮೆಲ್ಲಗೆ ಬೆಳೆಯುವ ಕಣಗಳಿಗೆ ಕೀಮೋ ಹೆಚ್ಚು ತಾಗುವುದಿಲ್ಲ. ಪೂರ್ತಿ ಕತ್ತರಿಸಿ ತೆಗೆಯುವುದೇ ಚಿಕಿತ್ಸೆ. ಸರಿಯಾಗಿ ತೆಗೆದರೆ ನೂರಕ್ಕೆ ತೊಂಬತ್ತು ಜನ ಐದು ವರ್ಷ ದಾಟುತ್ತಾರೆ ಅಂದಾಗ ಇವರು ನನ್ನ ಕೈ ಹಿಡಿದುಕೊಂಡರು. ಡಾಕ್ಟರ ಮುಂದೆ ಕೈ ಹಿಡಿದಿದ್ದು ಅದೇ ಮೊದಲು.

"ಸರಿಯಾಗಿ ಅಂದ್ರೆ ಏನು ಸಾರ್?" ಅಂತ ಕೇಳಿದೆ.

"ಮಾರ್ಜಿನ್" ಅಂದರು. "ಗಂಟಿನ ಸುತ್ತ ಒಂದಿಷ್ಟು ಒಳ್ಳೇ ಮಾಂಸ, ಒಳ್ಳೇ ಮೂಳೆ ಸೇರಿಸಿ ತೆಗೀಬೇಕು. ಗಂಟು ನಮ್ಮ ಕಣ್ಣಿಗೆ ಕಾಣಲೇಬಾರದು."

ಆ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹದಿಮೂರು ವರ್ಷದಿಂದ ದಿನಾ ಮಾಡುವ ಕೆಲಸ ಅದು. ಚಾಕ್‌ಪೀಸಿನ ಗುರುತಿನ ಮೇಲೇ ಕತ್ತರಿ ಆಡಿಸಿದರೆ ಬಟ್ಟೆ ಹೋಯಿತು ಅಂತಲೇ ಲೆಕ್ಕ. ಒಂದಿಂಚು ಆಚೆ ಬಿಟ್ಟು ಕತ್ತರಿಸಬೇಕು. ಮೊದಲ ಆಸ್ಪತ್ರೆಯಲ್ಲಿ ಬುಡಕ್ಕೆ ಉಳಿ ಹಾಕಿ ತೆಗೆಯುತ್ತೇವೆ ಅಂದಿದ್ದರಲ್ಲ, ಅದು ಗುರುತಿನ ಮೇಲೇ ಕತ್ತರಿಸುವುದು. ಹಾಗೆ ತೆಗೆದ ಗಂಟು ಮತ್ತೆ ಬರುತ್ತದೆ. ಮತ್ತೆ ಬಂದಾಗ ಕೆಲವರಲ್ಲಿ ಸಾಧುವಾಗಿ ಇರದೆ ಉಗ್ರ ರೂಪಕ್ಕೆ ತಿರುಗುತ್ತದೆ. ಇದನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಅರಿವಳಿಕೆ ಮೇಡಂ ಬೆರಳು, ನನ್ನ ಅಳತೆ ಹಾಳೆಯ ಮೇಲೆ.

ದಾರಿ ಎರಡಿತ್ತು. ಒಂದು, ತೊಡೆ ಮೂಳೆಯ ಕೆಳಭಾಗ ಪೂರ್ತಿ, ಮಂಡಿ ಕೀಲಿನ ಸಮೇತ ತೆಗೆದು ಲೋಹದ ಕೀಲು ಕೂರಿಸುವುದು. ಬೇಗ ನಡೆಯಬಹುದು. ಆದರೆ ಲೋಹ ಸವೆಯುತ್ತದೆ, ಸಡಿಲವಾಗುತ್ತದೆ, ನನ್ನ ವಯಸ್ಸಿಗೆ ಮುಂದೆ ಮತ್ತೆ ಆಪರೇಷನ್ ತಪ್ಪುವುದಿಲ್ಲ. ಇನ್ನೊಂದು, ಮೂಳೆಯ ಹಿಂದಿನ ಅರ್ಧವನ್ನಷ್ಟೇ ಗಂಟಿನ ಜೊತೆ ತೆಗೆದು, ಮುಂದಿನ ಅರ್ಧವನ್ನೂ ಕೀಲನ್ನೂ ಉಳಿಸುವುದು. ಮಜ್ಜೆಗೆ ಇಳಿಯದೆ ಇದ್ದದ್ದರಿಂದ ನನಗೆ ಇದು ಸಾಧ್ಯವಿತ್ತು. ಖಾಲಿಯಾದ ಜಾಗಕ್ಕೆ ಏನು ಹಾಕುತ್ತಾರೆ? ನನ್ನದೇ ಮೂಳೆ. ತೆಗೆದ ತುಂಡಿನಿಂದ ಗಂಟನ್ನು ಬಿಡಿಸಿ, ಮೂಳೆಗೆ ವಿಕಿರಣ ಕೊಟ್ಟು, ಅದರಲ್ಲಿ ಒಂದು ಕಣವೂ ಜೀವಂತ ಉಳಿಯದ ಹಾಗೆ ಮಾಡಿ, ವಾಪಸ್ ಅದೇ ಜಾಗಕ್ಕೆ ಕೂರಿಸುತ್ತಾರೆ. ದಾನಿಗಳ ಮೂಳೆ ಸಿಗುವುದು ನಮ್ಮಲ್ಲಿ ಕಷ್ಟ. ನಮ್ಮ ಮೂಳೆಯಾದರೆ ಅಳತೆ ಸರಿಯಾಗಿ ಕೂರುತ್ತದೆ, ಖರ್ಚೂ ಕಡಿಮೆ. ಜಪಾನಿನಲ್ಲಿ ಇದೇ ಕೆಲಸಕ್ಕೆ ದ್ರವ ಸಾರಜನಕದಲ್ಲಿ ಅದ್ದುವ ಕ್ರಮವೂ ಇದೆ.

2022ರ ಆಗಸ್ಟಿನಲ್ಲಿ ಆಪರೇಷನ್ ಆಯಿತು. ಏಳು ಗಂಟೆ. ನನಗೆ ಅದರ ನೆನಪು ಇಲ್ಲ. ಇವರು ಹೇಳಿದ್ದನ್ನು ಬರೆಯುತ್ತೇನೆ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಆಪರೇಷನ್ ಥಿಯೇಟರಿನ ಬಾಗಿಲು ತೆಗೆದು ಇಬ್ಬರು ಬೇಗ ಬೇಗ ಹೊರಗೆ ಬಂದರು. ಒಬ್ಬರ ಕೈಯಲ್ಲಿ ಹಸಿರು ಬಟ್ಟೆ ಸುತ್ತಿದ ಡಬ್ಬಿ. ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದರು. ಪಕ್ಕದಲ್ಲಿ ಕೂತಿದ್ದ ಯಾರೋ "ಮೂಳೆ ಕರೆಂಟ್ ಕೊಡಿಸೋಕೆ ಹೋಗ್ತಿದೆ" ಅಂದರಂತೆ. ಇವರು ಎದ್ದು ನಿಂತುಬಿಟ್ಟರು. ಕೆಳಗೆ ವಿಕಿರಣ ಯಂತ್ರದಲ್ಲಿ ಒಂದೇ ಸಲಕ್ಕೆ 50 ಗ್ರೇ. ಗ್ರೇ ಅಂದರೆ ವಿಕಿರಣದ ಅಳತೆ. ಮನುಷ್ಯರಿಗೆ ದಿನಕ್ಕೆ ಸಾಮಾನ್ಯವಾಗಿ 2 ಗ್ರೇ ಕೊಡುತ್ತಾರೆ, ಅಂದರೆ 25 ದಿನದ್ದನ್ನು ಒಟ್ಟಿಗೆ. ಮುಕ್ಕಾಲು ಗಂಟೆಗೆ ಡಬ್ಬಿ ವಾಪಸ್ ಬಂತು. "ಅದು ಒಳಗೆ ಹೋಗೋ ತನಕ ನಾನು ಕೂರಲಿಲ್ಲ ಕಣೇ" ಅಂತ ಇವರು ಈಗಲೂ ಹೇಳುತ್ತಾರೆ.

ಮೂಳೆ ಕೂರಿಸಿ, ಪಕ್ಕಕ್ಕೆ ಉದ್ದ ಪ್ಲೇಟು ಇಟ್ಟು, ಒಂಬತ್ತು ಸ್ಕ್ರೂ ಹಾಕಿದ್ದಾರೆ. ರಕ್ತನಾಳ ಉಳಿಯಿತು. ಬಯಾಪ್ಸಿ ಸೂಜಿಯ ಗುರುತು ಇದ್ದ ಚರ್ಮವನ್ನೂ ಎಲೆಯ ಆಕಾರದಲ್ಲಿ ಕೊಯ್ದು ಗಂಟಿನ ಜೊತೆಗೇ ತೆಗೆದಿದ್ದರು.

ಎರಡು ವಾರದ ಮೇಲೆ ಬಂದ ರಿಪೋರ್ಟಿನಲ್ಲಿ ನಾನು ಹುಡುಕಿದ್ದು ಒಂದೇ ಪದ. ಮಾರ್ಜಿನ್ ಎಲ್ಲ ಕಡೆ ಮುಕ್ತ. ಅತಿ ಹತ್ತಿರದ ಜಾಗ ರಕ್ತನಾಳದ ಕಡೆ, 4 ಮಿಲಿಮೀಟರ್. ಬರೀ 4 ಮಿಲಿಮೀಟರಾ ಅಂತ ಎದೆ ಹೊಡೆದುಕೊಂಡಿತು. ಡಾಕ್ಟರು ಸಮಾಧಾನ ಮಾಡಿದರು. ಅಲ್ಲಿ ಆ ಕೊಬ್ಬಿನ ಪದರ ಇಡಿಯಾಗಿ ಗಂಟಿನ ಜೊತೆ ಬಂದಿತ್ತು. ಒಳಗೆ ಎಲ್ಲೂ ಉಗ್ರ ಭಾಗ ಸಿಕ್ಕಿರಲಿಲ್ಲ.

ಆಮೇಲಿನದು ನಿಧಾನದ ಕೆಲಸ. ಹನ್ನೆರಡನೇ ದಿನ ಹೊಲಿಗೆಯ ಕೆಳಗಿನಿಂದ ನೀರು ಒಸರಿತು. ವಿಕಿರಣ ಕೊಟ್ಟ ಮೂಳೆಯಲ್ಲಿ ಜೀವ ಇಲ್ಲ, ಅಲ್ಲಿ ಸೋಂಕು ಕೂತರೆ ಬಿಡಿಸುವುದು ಕಷ್ಟ ಅಂತ ಮೊದಲೇ ಎಚ್ಚರಿಸಿದ್ದರು. ಮತ್ತೆ ಹತ್ತು ದಿನ ಆಸ್ಪತ್ರೆ. ಡ್ರೆಸಿಂಗು, ಆಂಟಿಬಯಾಟಿಕ್. ಒಣಗಿತು. ಆರು ವಾರ ಬಲಗಾಲನ್ನು ನೆಲಕ್ಕೆ ತಾಗಿಸಬೇಕು, ಭಾರ ಬಿಡಬಾರದು. ವಾಕರ್, ಕಮೋಡ್ ಕುರ್ಚಿ, ಉದ್ದದ ಬೆಲ್ಟು. ಅತ್ತೆ ನನ್ನ ತಲೆಗೆ ನೀರು ಹಾಕಿದರು, ಬಾಣಂತನ ಮಾಡಿದ ಹಾಗೆ ನೋಡಿಕೊಂಡರು. ಫಿಸಿಯೋಥೆರಪಿ ಹುಡುಗಿ ಕೋನಮಾಪಕದಂಥ ಒಂದು ಪಟ್ಟಿ ತಂದು ಮಂಡಿ ಎಷ್ಟು ಮಡಿಚಿತು ಅಂತ ಅಳೆಯುತ್ತಿದ್ದಳು. ಮೊದಲ ತಿಂಗಳು 30 ಡಿಗ್ರಿ. ಮೂರನೇ ತಿಂಗಳು 70. ಅದನ್ನೂ ಅಳತೆ ಪುಸ್ತಕದಲ್ಲೇ ಬರೆದೆ.

ಸತ್ತ ಮೂಳೆ ಜೀವದ ಮೂಳೆಗೆ ಹೇಗೆ ಕೂಡುತ್ತದೆ ಅಂತ ನನಗೆ ದೊಡ್ಡ ಅನುಮಾನ ಇತ್ತು. ಕೂಡುತ್ತದೆ. ಪಕ್ಕದ ಮೂಳೆಯಿಂದ ಹೊಸ ಕಣಗಳು ತೆವಳಿಕೊಂಡು ಬಂದು, ಹಳೇ ಮೂಳೆಯನ್ನು ಚಪ್ಪರದ ಹಾಗೆ ಹಿಡಿದುಕೊಂಡು ಹಬ್ಬುತ್ತವೆ. ಮೇಲಿನ ಕೂಡುಗೆರೆ ಆರನೇ ತಿಂಗಳ ಎಕ್ಸ್‌ರೇಯಲ್ಲಿ ಮಸುಕಾಯಿತು. ಕೆಳಗಿನದು ಒಂಬತ್ತು ತಿಂಗಳು ತೆಗೆದುಕೊಂಡಿತು. ಊರುಗೋಲು ಬಿಟ್ಟಿದ್ದು ಆಮೇಲೆ.

ಈಗ ಮಂಡಿ 115 ಡಿಗ್ರಿ ಮಡಿಚುತ್ತದೆ. ಮೆಟ್ಟಿಲು ಹತ್ತುತ್ತೇನೆ, ಬಸ್ ಹತ್ತುತ್ತೇನೆ. ಮೆಷಿನ್ನಿಗೆ ಮೋಟಾರ್ ಹಾಕಿಸಿದ್ದೇವೆ. ಕುಕ್ಕರಗಾಲಲ್ಲಿ ಕೂರೋಕೆ ಆಗುವುದಿಲ್ಲ, ರಂಗೋಲಿಗೆ ಮಣೆ ಹಾಕಿಕೊಂಡು ಬಲಗಾಲು ಚಾಚಿ ಕೂರುತ್ತೇನೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಕಾಲಿನ ಎಕ್ಸ್‌ರೇ, ಎದೆಯ ಸ್ಕ್ಯಾನ್ ಆಯಿತು. ಈಗ ಆರು ತಿಂಗಳಿಗೊಮ್ಮೆ. ಈ ಗಡ್ಡೆ ಎಷ್ಟೋ ವರ್ಷ ಬಿಟ್ಟೂ ಬರಬಹುದು, ಆದ್ದರಿಂದ ಹತ್ತು ವರ್ಷ ಬಿಡದೆ ಬರಬೇಕು ಅಂದಿದ್ದಾರೆ. ಮೊದಲ ಎಕ್ಸ್‌ರೇಯಿಂದ ಹಿಡಿದು ಎಲ್ಲವೂ ಒಂದು ಸೀರೆ ಪೆಟ್ಟಿಗೆಯಲ್ಲಿವೆ, ಪ್ರತಿ ಸಲವೂ ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡುತ್ತಾರೆ.

ಸೋಮವಾರದ ಅಳತೆ ಈಗಲೂ ಬಿಟ್ಟಿಲ್ಲ. ಎಡಗಾಲು 15 ಇಂಚು. ಒಂದಿಷ್ಟು ಸ್ನಾಯು ಹೋಗಿದ್ದರಿಂದ ಬಲಗಾಲು ಹದಿನಾಲ್ಕೂವರೆ. ಒಂದೂವರೆ ವರ್ಷದಿಂದ ಅದು ಬದಲಾಗಿಲ್ಲ.